ಎರಡು ಬಾಗಿಲು, ಐದು ಬಾಗಿಲು

ಎತ್ತಿನ ತುಟಿ ಸರಿಸಿ, ಹಲ್ಲು ನೋಡಿ, ಅದರ ವಯಸ್ಸು ಹೇಳುವುದು ನನ್ನ ಹೊಟ್ಟೆಪಾಡಿನ ವಿದ್ಯೆ. ಎರಡು ಹಲ್ಲಿನದೋ, ನಾಲ್ಕು ಹಲ್ಲಿನದೋ, ಎಲ್ಲ ಹಲ್ಲೂ ಬಂದು ಬಾಯಿಗೂಡಿದ್ದೋ ಎಂದು ಸಂತೆಯಲ್ಲಿ ನಿಂತ ನಿಲುವಿನಲ್ಲೇ ಹೇಳಬಲ್ಲೆ. ಹೀಗಿದ್ದೂ ಒಂದು ಹಳೆಯ ಕಾರಿನ ಮುಂದೆ ನಿಂತಾಗ ನನ್ನ ಇಷ್ಟು ವರ್ಷಗಳ ಸರ್ವೀಸು ಯಾವ ಉಪಯೋಗಕ್ಕೂ ಬರಲಿಲ್ಲ. ಮಾರುವವರು ಬಾನೆಟ್ಟು ಎತ್ತಿದರು, ನಾನು ಬಗ್ಗಿ ನೋಡಿದೆ, ಗಂಭೀರವಾಗಿ ತಲೆಯಾಡಿಸಿದೆ. ಒಳಗಿರುವುದು ಎಂಜಿನ್ನು ಎಂಬುದರ ಹೊರತು ಏನೂ ತಿಳಿಯಲಿಲ್ಲ. ಹಿಂದೆ ನಿಂತಿದ್ದ ನನ್ನ ಹೆಂಡತಿ ಕಸ್ತೂರಿ ಸೆರಗನ್ನು ಬಾಯಿಗೆ ಹಿಡಿದು ನಕ್ಕದ್ದು ಮಾತ್ರ ತಿಳಿಯಿತು.

ನಾನು ರೋಣದಲ್ಲಿ ದನದ ಡಾಕ್ಟರ. ಮದುವೆಯಾದಂದಿನಿಂದ ನಮ್ಮ ಮನೆಯ ವಾಹನವೆಂದರೆ ಮೋಟಾರ್ ಸೈಕಲ್ಲು. ಮುಂದೆ ನಾನು, ಹಿಂದೆ ಒಂದು ಪಕ್ಕಕ್ಕೆ ಕಾಲು ಇಳಿಬಿಟ್ಟು ಕಸ್ತೂರಿ, ನಮ್ಮಿಬ್ಬರ ನಡುವೆ ಔಷಧದ ಚೀಲ. ಒಂದು ಮಳೆಗಾಲದಲ್ಲಿ ಯಾವಗಲ್ಲಿನ ಹತ್ತಿರ ಆ ಗಾಡಿ ನಮ್ಮಿಬ್ಬರನ್ನೂ ಎರೆಮಣ್ಣಿನಲ್ಲಿ ಮಲಗಿಸಿತು. ಈ ಕಡೆಯ ಎರೆ ಹೊಲವನ್ನು ಕಂಡವರಿಗೆ ಹೇಳಬೇಕಾಗಿಲ್ಲ. ಮಳೆ ಬಿದ್ದರೆ ಅದು ಮೆಟ್ಟಿದವನ ಚಪ್ಪಲಿಯನ್ನೂ ಇಟ್ಟುಕೊಂಡು ಕಳಿಸುತ್ತದೆ. ಇಬ್ಬರಿಗೂ ಪೆಟ್ಟಾಗಲಿಲ್ಲ. ಕಸ್ತೂರಿ ಎದ್ದು ಸೀರೆಯ ನಿರಿಗೆ ಹಿಂಡಿ, ಒಂದು ಕಟ್ಟಿಗೆ ತುಂಡು ಹುಡುಕಿ, ಚಕ್ರಕ್ಕೆ ಮೆತ್ತಿದ ಮಣ್ಣನ್ನು ತೆಗೆಯುತ್ತ ಕುಳಿತಳು. ಆಮೇಲೆ, ನಮ್ಮ ವಯಸ್ಸಿಗೆ ಇಷ್ಟು ಸಾಕು, ಇನ್ನು ನಾಲ್ಕು ಗಾಲಿಯದು ನೋಡಿರಿ ಎಂದಳು. ಅವಳು ತನಗಾಗಿ ಏನಾದರೂ ಕೇಳಿದ್ದು ನನಗೆ ನೆನಪಿರುವ ಮಟ್ಟಿಗೆ ಅದೇ ಮೊದಲು. ಅದನ್ನೂ 'ನಮ್ಮ' ಎಂದು ಸೇರಿಸಿಯೇ ಕೇಳಿದ್ದಳು.

ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರಗಳು ಒಂದೊಂದಾಗಿ ಏಳುತ್ತಿದ್ದ ಕಾಲ ಅದು. ಎಲ್ಲರ ಕಿಸೆಗೂ ಮೊಬೈಲು ಬಂದಿತ್ತು. ಹೀಗಾಗಿ ಡಾಕ್ಟರು ಗಾಡಿ ತೆಗೆದುಕೊಳ್ಳುತ್ತಾರಂತೆ ಎಂಬ ಸುದ್ದಿ ನಾನು ಚಹಾ ಕುಡಿದು ಮುಗಿಸುವುದರೊಳಗೆ ಮೂರು ಊರು ಮುಟ್ಟಿತು. ಸಂಜೆಗೆ ಎರಡು ಕರೆ ಬಂದವು. ನರಗುಂದದಿಂದ ರಾಜೇಸಾಬನದು ಒಂದು. ಅವನು ಮೊದಲು ಎತ್ತಿನ ದಲಾಲಿ, ಎತ್ತು ಕಡಿಮೆಯಾದಂತೆ ಹಳೆಯ ಗಾಡಿಗಳ ದಲಾಲಿಯಾದವನು. ಇನ್ನೊಂದು ಗಜೇಂದ್ರಗಡದ ಸೀರೆ ವ್ಯಾಪಾರಿ ಮಲ್ಲೇಶಪ್ಪನವರದು. ರಾಜೇಸಾಬನ ಬಳಿ ಇದ್ದದ್ದು ಐದು ಬಾಗಿಲಿನ, ಎಂಟು ಜನ ಕೂರುವ ದೊಡ್ಡ ಗಾಡಿ. ಪೇಪರಿನವರು ಅದನ್ನು ಎಸ್‌ಯುವಿ ಎಂದು ಬರೆಯುತ್ತಾರೆ. ಮಲ್ಲೇಶಪ್ಪನವರ ಗೋಡಾವಿನಲ್ಲಿ ಇದ್ದದ್ದು ಎರಡೇ ಬಾಗಿಲಿನ, ನೆಲಕ್ಕೆ ಹತ್ತಿದ ಹಾಗಿರುವ ಕೆಂಪು ಗಾಡಿ. ಅಂಥದ್ದಕ್ಕೆ ಸ್ಪೋರ್ಟ್ಸ್ ಕೂಪೆ ಎನ್ನುತ್ತಾರಂತೆ. ಅವರ ಅಕ್ಕನ ಮಗ ಪುಣೆಯಲ್ಲಿ ಹೌಸಿಯಿಂದ ಕೊಂಡಿದ್ದ. ಆಮೇಲೆ ಅವನಿಗೆ ಅವಳಿ ಮಕ್ಕಳಾದವು. ಎರಡು ಬಾಗಿಲಿನ ಗಾಡಿಗೂ ಅವಳಿ ಮಕ್ಕಳಿಗೂ ಹೊಂದಿಕೆಯಾಗದೆ ಗಾಡಿ ಸೋದರಮಾವನ ಮನೆ ಸೇರಿತು.

ಮೊದಲು ನರಗುಂದಕ್ಕೆ ಹೋದೆವು. ನಮ್ಮ ಕಡೆ ಎತ್ತು ಕೊಳ್ಳಲು ಒಬ್ಬನೇ ಹೋಗುವ ರೂಢಿ ಇಲ್ಲ, ತಿಳಿದ ಹಿರಿಯರೊಬ್ಬರು ಜೊತೆಗೆ ಬೇಕು. ಗಾಡಿಗೂ ಅದೇ ಶಾಸ್ತ್ರ ಸಾಕು ಎಂದುಕೊಂಡು ಚಿಕ್ಕನರಗುಂದದಿಂದ ನಮ್ಮ ಗುರಪ್ಪ ಕಾಕಾನನ್ನು ಕರೆಸಿದೆ. ಕಾಕಾ ಅಂದರೆ ನನ್ನ ತಂದೆಯ ತಮ್ಮ. ಎಪ್ಪತ್ತರ ಹತ್ತಿರದ ಗಟ್ಟಿ ಆಳು, ತಲೆಗೆ ಪಟಕಾ, ಮಾತಿಗೆ ಎದುರಿಲ್ಲ. ಅವರಿಗೆ ಗಾಡಿ ನಡೆಸಲು ಬರುವುದಿಲ್ಲ. ಆದರೆ ಗಾಡಿಯ ಸುತ್ತ ಮೂರು ಸುತ್ತು ಹಾಕಿ, ಟಾಯರಿಗೆ ಒದ್ದು, ಎತ್ತಿನ ಮೈಮೇಲೆ ಸುಳಿ ಹುಡುಕುವವರಂತೆ ಬಾಗಿಲುಗಳ ಮೇಲೆ ಕೈಯಾಡಿಸಿ, ಗುಣ ಚಲೋ ಐತಿ ಎಂದು ತೀರ್ಪು ಕೊಟ್ಟರು. ಯಾರ ಗುಣ, ಯಾವುದರಿಂದ ತಿಳಿಯಿತು ಎಂದು ಕೇಳುವ ಧೈರ್ಯ ರಾಜೇಸಾಬನಿಗೂ ಆಗಲಿಲ್ಲ.

ಒಂದು ಸುತ್ತು ಓಡಿಸಿ ನೋಡೋಣ ಎಂದಾಯಿತು. ಇಲಾಖೆಯ ಜೀಪಿನಲ್ಲಿ ಕಲಿತ ವಿದ್ಯೆ ನನ್ನಲ್ಲಿತ್ತು, ನಾನು ಸ್ಟೇರಿಂಗಿಗೆ ಕುಳಿತೆ. ಕಾಕಾ ಮುಂದಿನ ಬಾಗಿಲು ತೆಗೆದು ನನ್ನ ಪಕ್ಕ ಕುಳಿತರು. ನಡುವಿನ ಸೀಟಿನಲ್ಲಿ ರಾಜೇಸಾಬ ಕುಳಿತ, ಅವನ ಪಕ್ಕ ಕಾಕಾ ನಮ್ಮ ಮನೆಗೆಂದು ತಂದಿದ್ದ ಎರಡು ಚೀಲ ಜೋಳ ಕುಳಿತವು. ಕಸ್ತೂರಿ ಹಿಂದಿನ ಬಾಗಿಲಿನಿಂದ ಹತ್ತಿ, ಅಡ್ಡ ಸೀಟಿನಲ್ಲಿ, ಉಳ್ಳಾಗಡ್ಡಿಯ ಬುಟ್ಟಿಯನ್ನು ಕಾಲಲ್ಲಿ ಒತ್ತಿ ಹಿಡಿದು ಕುಳಿತಳು. ಗಾಡಿ ಇನ್ನೂ ನಮ್ಮದಾಗಿರಲಿಲ್ಲ, ಆಗಲೇ ಮನೆತನದ ಸೇವೆ ಸುರುಮಾಡಿತ್ತು. ಇಳಿದ ಮೇಲೆ ಹೇಗಿದೆ ಎಂದು ಕೇಳಿದ್ದಕ್ಕೆ ಅವಳು, ಚಲೋ ಐತ್ರಿ ಎಂದಳು. ಅಷ್ಟೇ.

ಇಲ್ಲಿ ಮುಂದಿನ ಸೀಟಿನ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮ ಸೀಮೆಯಲ್ಲಿ ಅದು ಕೂರುವ ಜಾಗವಲ್ಲ, ಮಾನದ ಜಾಗ. ಮದುವೆಗೆ ಬಾಡಿಗೆ ಜೀಪು ಹಿಡಿದರೆ ಡ್ರೈವರನ ಪಕ್ಕದ ಜಾಗ ಯಾರದು ಎಂಬುದನ್ನು ಯಾರೂ ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ಇದ್ದವರಲ್ಲಿ ಹಿರಿಯ ಗಂಡಸಿನದು. ಅವರಿಲ್ಲದಿದ್ದರೆ ಅಳಿಯನದು, ಅಳಿಯನೂ ಇಲ್ಲದಿದ್ದರೆ ಪೇಟೆಯಿಂದ ಬಂದ ಗುರುತಿನವನದು. ಹೆಣ್ಣುಮಕ್ಕಳು ಪಾತ್ರೆ, ಹಾಸಿಗೆ, ಕೂಸುಗಳ ಜೊತೆ ಹಿಂದೆ. ಹೆಂಗಸೊಬ್ಬಳು ಮುಂದೆ ಕುಳಿತಳೆಂದರೆ ಅವಳಿಗೆ ವಾಂತಿಯಾಗುತ್ತದೆ, ಇಲ್ಲವೇ ದಿನ ತುಂಬಿದೆ ಎಂದೇ ಅರ್ಥ. ಮಾನದ ಈ ಲೆಕ್ಕವನ್ನು ನಾನು ಹುಟ್ಟಿದಂದಿನಿಂದ ನೋಡಿದ್ದೇನೆ. ನೋಡಿದ್ದೇನೆ ಎನ್ನುವುದಕ್ಕಿಂತ, ಅದು ಕಣ್ಣಿಗೇ ಬಿದ್ದಿರಲಿಲ್ಲ ಎನ್ನುವುದು ಸರಿ.

ಜೀಪಿಗಿಂತ ಮೊದಲೂ ಇದೇ ಇತ್ತು. ಕಮಾನು ಕಟ್ಟಿದ ಕೊಲ್ಲಾರಿ ಬಂಡಿಯಲ್ಲಿ ಹೊಡೆಯುವವನು ಎತ್ತಿನ ಕಡೆಗೆ ಮುಖಮಾಡಿ ಕೂರುತ್ತಿದ್ದ. ಕಮಾನಿನ ಒಳಗೆ ಹೆಣ್ಣುಮಕ್ಕಳು ಹಿಂಬದಿಯ ತೆರವಿಗೆ ಮುಖಮಾಡಿ ಕೂರುತ್ತಿದ್ದರು, ಗಾಳಿ ಅಲ್ಲಿಂದಲೇ ಬರಬೇಕು. ಗಂಡನ ಮನೆಗೆ ಹೊರಟ ಹುಡುಗಿಗೆ ತವರಿನ ಅಗಸೆಬಾಗಿಲು, ಆಮೇಲೆ ಗುಡಿಯ ತುದಿ, ಆಮೇಲೆ ಬೇವಿನ ಮರ ಕೊನೆಯವರೆಗೂ ಕಾಣುತ್ತಿದ್ದವು. ಹೋಗುತ್ತಿರುವ ಊರು ಮಾತ್ರ ಬಂಡಿ ನಿಂತ ಮೇಲೆಯೇ ಕಾಣುತ್ತಿತ್ತು. ಹೀಗೆ ಕೂರಿಸಿದವರು ಅವಳ ಮೇಲಿನ ಕರುಣೆಯಿಂದ ಕೂರಿಸಿದರೋ, ಗಾಳಿಯ ಸಲುವಾಗಿ ಕೂರಿಸಿದರೋ ಹೇಳುವವರಿಲ್ಲ. ನಾನಂತೂ ಈ ಎಲ್ಲ ಪಾಂಡಿತ್ಯವನ್ನು ಆಮೇಲೆ ಗಳಿಸಿದೆ. ಆ ದಿನ ನರಗುಂದದಲ್ಲಿ ಹೆಂಡತಿಯನ್ನು ಉಳ್ಳಾಗಡ್ಡಿಯ ಜೊತೆ ಕೂರಿಸಿದಾಗ ನನ್ನ ತಲೆಯಲ್ಲಿ ಇದ್ದದ್ದು ಕ್ಲಚ್ಚು ಮಾತ್ರ.

ಮುಂದಿನ ರವಿವಾರ ಗಜೇಂದ್ರಗಡ. ಅದು ಕಸ್ತೂರಿಯ ತವರೂರು. ಮಲ್ಲೇಶಪ್ಪನವರು ತಾಡಪತ್ರಿ ಸರಿಸಿದಾಗ ಕೆಳಗಿನಿಂದ ಹೊರಬಿದ್ದ ಗಾಡಿಯನ್ನು ನೋಡಿ ನನಗೆ ನಾಚಿಕೆಯಾಗುವಷ್ಟು ಸಂತೋಷವಾಯಿತು. ಬ್ಯಾಡಗಿ ಮೆಣಸಿನಕಾಯಿಯ ಕೆಂಪು. ನನ್ನ ಸೊಂಟಕ್ಕಿಂತ ಸ್ವಲ್ಪವೇ ಎತ್ತರ. ಬಾಗಿಲು ಎಷ್ಟು ಉದ್ದ ಇತ್ತೆಂದರೆ ತೆಗೆದರೆ ಗೋಡಾವಿನ ಅರ್ಧ ಹಾದಿ ಕಟ್ಟಾಗುತ್ತಿತ್ತು. ಹಿಂದೆಯೂ ಒಂದು ಸೀಟಿತ್ತು, ಆದರೆ ಅದು ಮಾಡಿದವರು ಮರ್ಯಾದೆಗೆಂದು ಇಟ್ಟದ್ದು. ಅಲ್ಲಿ ಒಂದು ತರಕಾರಿ ಚೀಲ ಕೂರಬಹುದು, ಅದೂ ತುಂಬಿರಬಾರದು. ನಿವೃತ್ತಿಗೆ ಹತ್ತಿರವಾದ ದನದ ಡಾಕ್ಟರನಿಗೆ ಇಂಥ ಗಾಡಿ ಏನು ಕೆಲಸಕ್ಕೆ ಎಂದು ನೀವು ಕೇಳುತ್ತೀರಿ. ನಾನೂ ಕೇಳಿಕೊಂಡೆ, ಆದರೆ ಉತ್ತರ ಬರುವುದರೊಳಗೆ ಒಳಗೆ ಕುಳಿತಾಗಿತ್ತು.

ಕಾಕಾ ಆ ದಿನವೂ ಬಂದಿದ್ದರು. ಹಿರಿಯರೆಂದ ಮೇಲೆ ಮೊದಲು ಅವರೇ ಕೂರಬೇಕು. ಬಗ್ಗಿದರು, ಪಟಕಾ ಮೇಲಿನ ಅಂಚಿಗೆ ತಗುಲಿ ಕೆಳಗೆ ಬಿತ್ತು. ಪಟಕಾ ಕೈಯಲ್ಲಿ ಹಿಡಿದು ಒಂದು ಕಾಲು ಒಳಗಿಟ್ಟರು, ಇನ್ನೊಂದು ಕಾಲನ್ನು ಏನು ಮಾಡಬೇಕೆಂದು ತಿಳಿಯದೆ ಧೋತರದ ಚುಂಗು ಹಿಡಿದು ನಿಂತರು. ಕೊನೆಗೆ ಎಲ್ಲವನ್ನೂ ಹೊರಗೆ ತೆಗೆದುಕೊಂಡರು.

"ಇದು ಹತ್ತೂ ಗಾಡಿ ಅಲ್ಲೋ ತಮ್ಮಾ, ತೊಟಗೊಳ್ಳೂ ಅಂಗಿ. ನನ್ನ ಅಳತೀದಲ್ಲ" ಎಂದು ಹೇಳಿ ಮಲ್ಲೇಶಪ್ಪನವರ ಗಾದಿಯ ಮೇಲೆ ಚಹಾ ಕುಡಿಯಲು ಕುಳಿತುಬಿಟ್ಟರು.

ಹೀಗಾಗಿ ಉಳಿದವರು ನಾವಿಬ್ಬರೇ. ಕಸ್ತೂರಿ ಅಭ್ಯಾಸಬಲದಿಂದ ಹಿಂದಿನ ಬಾಗಿಲು ಹುಡುಕಿದಳು. ಇರಲಿಲ್ಲ. ಸುತ್ತು ಹಾಕಿ ಬಂದು, ಎಲ್ಲಿ ಕುಂದರಲ್ರಿ ಎಂದು ನನ್ನನ್ನೇ ಕೇಳಿದಳು. ನಾನು ಪಕ್ಕದ ಸೀಟು ತೋರಿಸಿದೆ. ಅವಳು ಕುಳಿತಳು, ಕುಳಿತ ಮೇಲೆ ಸೆರಗು ಸರಿಮಾಡಿಕೊಂಡು, ಗೋಡಾವಿನ ಎದುರು ನಿಂತವರು ಯಾರಾದರೂ ನೋಡುತ್ತಿದ್ದಾರೋ ಎಂದು ನೋಡಿದಳು. ನೋಡುತ್ತಿದ್ದರು. ಗಜೇಂದ್ರಗಡದ ಆ ಓಣಿಯಲ್ಲಿ ಅಂಥ ಗಾಡಿ ಹೊರಬಿದ್ದರೆ ನೋಡದೆ ಇರುವವರು ಯಾರು?

ಲಕ್ಕಲಕಟ್ಟಿಯ ಕಡೆಗೆ ಹೊರಟೆವು. ಓಟದ ಬಗ್ಗೆ ಬರೆಯಬೇಕೆಂದರೆ ಬರೆಯುವುದು ಬಹಳ ಇಲ್ಲ. ಆ ಗಾಡಿ ಓಡಲೆಂದು ಹುಟ್ಟಿದ್ದು, ನಮ್ಮ ರಸ್ತೆ ಓಡಗೊಡಬಾರದೆಂದು ಹುಟ್ಟಿದ್ದು. ಪ್ರತಿ ಹಂಪಿನಲ್ಲೂ ಅದರ ಹೊಟ್ಟೆ ನೆಲಕ್ಕೆ ಉಜ್ಜಿ ನನ್ನ ಹೊಟ್ಟೆಯೊಳಗೆ ಸದ್ದಾಗುತ್ತಿತ್ತು. ದಾರಿಯಲ್ಲಿ ಕುರಿ ಹಿಂಡೊಂದು ಎದುರಾಗಿ ನಿಂತುಕೊಂಡೆವು. ಇಷ್ಟು ವರ್ಷ ಕುರಿಗಳನ್ನು ಮೇಲಿನಿಂದ ನೋಡಿ ಸೂಜಿ ಚುಚ್ಚಿದವನು ನಾನು. ಅವತ್ತು ಒಂದು ಟಗರು ಕಿಟಕಿಯಲ್ಲಿ ನನ್ನ ಸರಿಸಮ ಮುಖ ಇಟ್ಟು, ಯಾರು ಇವನು ಎಂಬಂತೆ ಬಹಳ ಹೊತ್ತು ನೋಡಿತು. ಗುರುತು ಹಿಡಿಯಿತೋ ಏನೋ, ಸೀನಿ ಹೋಯಿತು.

ಆದರೆ ಬರೆಯಬೇಕಾದದ್ದು ಬೇರೆ. ಕಸ್ತೂರಿ ಮಾತಾಡುತ್ತಿದ್ದಳು. ಮನೆಯಲ್ಲಿ ಅವಳು ಕಡಿಮೆ ಮಾತಿನವಳು, ಮೋಟಾರ್ ಸೈಕಲ್ಲಿನ ಮೇಲೆ ನನ್ನ ಬೆನ್ನಿನ ಜೊತೆ ಏನು ಮಾತು? ಇಲ್ಲಿ ಪಕ್ಕದಲ್ಲಿ ಕುಳಿತು, ಆ ಬಾವಿ ಯಾರದು, ಆ ಹೊಲದಲ್ಲಿ ಕುಸುಬೆ ಮುಳ್ಳು ಚುಚ್ಚಿಸಿಕೊಂಡವಳು ಯಾವ ಗೆಳತಿ, ಸಾಲಿ ತಪ್ಪಿಸಿ ಗುಡ್ಡ ಹತ್ತಿದ ದಿನ ಯಾರ ಕೈಯಲ್ಲಿ ಸಿಕ್ಕುಬಿದ್ದೆವು ಎಂದು ಒಂದೇ ಸಮನೆ ಹೇಳುತ್ತಿದ್ದಳು. ಇಪ್ಪತ್ತೇಳು ವರ್ಷ ಒಂದೇ ಮನೆಯಲ್ಲಿದ್ದು ಇವುಗಳಲ್ಲಿ ಒಂದನ್ನೂ ನಾನು ಕೇಳಿರಲಿಲ್ಲ. ಲಕ್ಕಲಕಟ್ಟಿಯಿಂದ ಗಾಡಿ ತಿರುಗಿಸಿದೆ. ದೂರದಲ್ಲಿ ಗಜೇಂದ್ರಗಡದ ಗುಡ್ಡ ಸಣ್ಣದಾಗಿ ಕಂಡಿತು, ಬರುಬರುತ್ತ ಎದುರಿನ ಕಾಜಿನ ತುಂಬ ಆಯಿತು. ಆಗ ಅವಳ ಮಾತು ನಿಂತಿತು. ಏನಾಯಿತು ಎಂದು ಕೇಳಿದೆ.

"ಲಗ್ನ ಆಗಿ ಹೋಗೂವಾಗ ಜೀಪಿನ ಹಿಂದ ಕುಂತಿದ್ನಿರಿ. ಈ ಗುಡ್ಡ ಸಣ್ಣದಾಗೂದನ್ನ ಅಷ್ಟ ನೋಡೇನಿ ನಾ. ದೊಡ್ಡದಾಗೂದನ್ನ ಇವತ್ತ ನೋಡಿದೆ."

ದೂರಿನ ಮಾತಲ್ಲ ಅದು. ಹೊಸದೊಂದನ್ನು ಕಂಡ ಸಂತೋಷದಲ್ಲಿ ಹೇಳಿದ್ದು. ಅದಕ್ಕೇ ನನಗೆ ಹೆಚ್ಚು ನೋವಾಯಿತು. ಪ್ರತಿ ಪಂಚಮಿಗೆ ಅವಳನ್ನು ತವರಿಗೆ ಕಳಿಸಿದ್ದೇನೆ, ಎಷ್ಟೋ ಸಲ ನಾನೇ ಕರೆದುಕೊಂಡು ಬಂದಿದ್ದೇನೆ. ಗುಡ್ಡ ಪ್ರತಿ ಸಲವೂ ನನ್ನ ಎದುರಿಗೆ ದೊಡ್ಡದಾಗಿದೆ. ನನ್ನ ಬೆನ್ನ ಹಿಂದೆ ಒಬ್ಬಳಿಗೆ ಅದು ಕಾಣುತ್ತಿಲ್ಲ ಎಂಬುದು ನನಗೆ ಹೊಳೆದಿರಲಿಲ್ಲ.

ರೋಣಕ್ಕೆ ಬಂದ ಮೇಲೆ ಎರಡೂ ಗಾಡಿಗಳ ಹೋಲಿಕೆ ನಡೆಯಿತು. ದವಾಖಾನೆಯ ಕಟ್ಟೆಯ ಮೇಲೆ ಎಮ್ಮೆ ಕರೆದುಕೊಂಡು ಬಂದವರೆಲ್ಲ ಒಂದೊಂದು ಸಲಹೆ ಕೊಟ್ಟರು. ದೊಡ್ಡ ಗಾಡಿ ಡೀಜಲ್ಲಿನದು, ಎರೆಯಲ್ಲಿ ಹುಗಿಯುವುದಿಲ್ಲ, ಕೆಟ್ಟರೆ ನರಗುಂದದಲ್ಲೇ ಸಾಮಾನು ಸಿಗುತ್ತದೆ, ಕರುವನ್ನೂ ಹೇರಿಕೊಂಡು ಬರಬಹುದು. ಈ ಕೊನೆಯ ಗುಣವನ್ನು ಹೇಳಿದವರು ಐದಾರು ಜನ, ಹೇಳುವಾಗ ಅವರವರ ಕರುವಿನ ನೆನಪು ಅವರವರ ಮುಖದ ಮೇಲೆ ಇತ್ತು. ಕೆಂಪು ಗಾಡಿ ಪೆಟ್ರೋಲು ಕುಡಿಯುತ್ತದೆ, ಕಾಜು ಒಡೆದರೆ ಪುಣೆಗೆ ಹೋಗಬೇಕು, ಮಳೆಗಾಲದಲ್ಲಿ ಯಾವಗಲ್ಲಿಗೆ ಒಯ್ದರೆ ಮುಂದಿನ ಬೇಸಿಗೆಗೆ ಹೊರಗೆ ಬರುತ್ತದೆ. ಎಲ್ಲವೂ ನಿಜ. ಅದರ ಪರವಾಗಿ ನನ್ನ ಬಳಿ ಇದ್ದದ್ದು ಒಂದೇ ಒಂದು ಕಾರಣ, ಅದನ್ನು ಎಮ್ಮೆಯವರ ಮುಂದೆ ಹೇಳುವ ಹಾಗಿರಲಿಲ್ಲ. ಅದರಲ್ಲಿ ಮನುಷ್ಯರು ಕೂರುವಂಥದ್ದು ಎರಡೇ ಸೀಟು. ಹೆಂಡತಿಯನ್ನು ಹಿಂದಕ್ಕೆ ಕಳಿಸಬೇಕೆಂದರೂ ಹಿಂದೆ ಅನ್ನುವುದೇ ಇಲ್ಲ.

ಇನ್ನೊಂದು ಕಾರಣವನ್ನೂ ಒಪ್ಪಿಕೊಂಡುಬಿಡುತ್ತೇನೆ. ನಾನು ಯಾರಿಗೂ ಇಲ್ಲ ಎನ್ನಲಾರದ ಮನುಷ್ಯ. ಕೆಂಪು ಗಾಡಿ ಕೊಂಡಿದ್ದರೆ ನನ್ನ ಬದಲು ಗಾಡಿಯೇ ಎಲ್ಲರಿಗೂ ಇಲ್ಲ ಅನ್ನುತ್ತಿತ್ತು. ನನ್ನ ಬಾಯಿ ಮಾಡಬೇಕಾದ ಕೆಲಸವನ್ನು ಬಾಗಿಲಿಗೆ ಒಪ್ಪಿಸುವ ಹಂಚಿಕೆ ಅದು.

ಕಸ್ತೂರಿ ಇದಕ್ಕೆ ಅವಕಾಶ ಕೊಡಲಿಲ್ಲ. ರೊಟ್ಟಿ ಬಡಿಯುತ್ತ, ನಮ್ಮ ದಾರಿಗೆ ಕೆಂಪು ಗಾಡಿ ಬೇಡ, ದೊಡ್ಡದನ್ನೇ ತರೋಣ ಎಂದು ಒಂದೇ ಮಾತಿನಲ್ಲಿ ಮುಗಿಸಿದಳು. ನಾನು ಅಲ್ಲೇ ಒಲೆಯ ಮುಂದೆ, ಹಾಗಾದರೆ ಮುಂದಿನ ಸೀಟು ನಿನ್ನದು ಎಂದು ಮಾತು ಕೊಟ್ಟೆ. ಅವಳು ನಕ್ಕಳು.

"ಹೌದ್ರಿ. ಕಾಕಾರು ಬರೂ ತನಕ."

ಗಾಡಿ ಕೊಂಡೆವು. ವ್ಯಾಪಾರ ಮಾಡಿದ್ದು ಕಾಕಾ ಮತ್ತು ರಾಜೇಸಾಬ, ಎತ್ತಿನ ವ್ಯಾಪಾರದ ಹಾಗೆಯೇ, ಇಬ್ಬರ ಕೈ ಒಂದು ಟವೆಲ್ಲಿನ ಕೆಳಗೆ. ಟವೆಲ್ಲಿನ ಒಳಗೆ ಬೆರಳುಗಳು ಒತ್ತಿ ಬೆಲೆ ಹೇಳುತ್ತಿದ್ದವು, ಹೊರಗೆ ಇಬ್ಬರೂ ಮಳೆಯ ಬಗ್ಗೆ ಮಾತಾಡುತ್ತಿದ್ದರು. ನಾನು ಪಕ್ಕದಲ್ಲಿ ನಿಂತಿದ್ದೆ. ನನ್ನ ಗಾಡಿಯ ಬೆಲೆ ಎಲ್ಲರಿಗಿಂತ ಕೊನೆಗೆ ನನಗೆ ತಿಳಿಯಿತು. ಪೂಜೆಗೆಂದು ಕಾಕಾ ಮತ್ತು ಚಿಗವ್ವ ಇಬ್ಬರೂ ರೋಣಕ್ಕೆ ಬಂದರು. ಚಿಗವ್ವ ಅಂದರೆ ಕಾಕಾನ ಹೆಂಡತಿ, ಕಾಕಾ ಒಂದು ಕೂಗು ಹಾಕಿದರೆ ಮೂರು ಮನೆಯಾಚೆಯಿಂದ ಓ ಎನ್ನುವ ಸಣ್ಣ ದೇಹದ ಮುದುಕಿ. ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟು, ಕಾಯಿ ಒಡೆದು, ಮೊದಲ ಪ್ರಯಾಣ ಗಜೇಂದ್ರಗಡದ ಕಡೆಯ ದೇವರಿಗೆ ಎಂದು ನಿಶ್ಚಯವಾಯಿತು.

ಕಸ್ತೂರಿ ಮುಂದೆ ಕುಳಿತಿದ್ದಳು. ನಾನೇ ಬಾಗಿಲು ತೆಗೆದು ಕೂರಿಸಿದ್ದೆ. ಕಾಕಾ ಪಟಕಾ ಕಟ್ಟಿಕೊಳ್ಳುತ್ತ ಹೊರಗೆ ಬಂದರು, ಒಳಗೆ ಯಾರಿದ್ದಾರೆಂದು ನೋಡದೆ ಮುಂದಿನ ಬಾಗಿಲು ತೆಗೆದರು, ಹತ್ತಲೆಂದು ಕಂಬಿ ಹಿಡಿದರು. ಅವರ ತಪ್ಪಲ್ಲ. ಆ ಸೀಟು ಖಾಲಿ ಇಲ್ಲದಿರಬಹುದು ಎಂಬ ವಿಚಾರ ಎಪ್ಪತ್ತು ವರ್ಷದಲ್ಲಿ ಅವರಿಗೆ ಬಂದಿರಲಿಕ್ಕಿಲ್ಲ. ನಾನು ಕೀಲಿ ತಿರುವಿ ಎಂಜಿನ್ನು ಸುರುಮಾಡಿದೆ. ಕಸ್ತೂರಿ ನನ್ನ ಕಡೆ ಒಮ್ಮೆಯೂ ನೋಡದೆ ಸೆರಗು ಕೂಡಿಸಿಕೊಂಡು ಇಳಿದು, ನಡುವಿನ ಸೀಟಿನ ತುಂಬ ಪೂಜೆಯ ಸಾಮಾನು ಇದ್ದುದರಿಂದ ಹಿಂದೆ ಹೋಗಿ ಚಿಗವ್ವನ ಎದುರಿನ ಅಡ್ಡ ಸೀಟಿನಲ್ಲಿ ಕುಳಿತಳು. ನೋಡಿದ್ದರೆ ನಾನು ಮಾತಾಡುತ್ತಿದ್ದೆನೋ ಏನೋ ಎಂದು ಆಮೇಲೆ ಬಹಳ ಸಲ ಸಮಾಧಾನ ಹೇಳಿಕೊಂಡೆ. ಅದು ಸುಳ್ಳು ಎಂದೂ ನನಗೆ ಗೊತ್ತಿತ್ತು.

ಗುಡ್ಡ ಎದುರಿಗೆ ಬಂತು, ದೊಡ್ಡದಾಯಿತು. ನನ್ನ ಪಕ್ಕದಲ್ಲಿ ಕಾಕಾ ಬಾಯಿ ತೆರೆದು ನಿದ್ದೆಹೋಗಿದ್ದರು. ಮೇಲಿನ ಕನ್ನಡಿಯಲ್ಲಿ ನೋಡಿದೆ, ಕಸ್ತೂರಿ ಹಿಂದಿನ ಕಾಜಿನಿಂದ ಹೊರಗೆ ನೋಡುತ್ತಿದ್ದಳು. ಅಲ್ಲಿ ರೋಣದ ದಾರಿ ದೂರ ಸರಿಯುತ್ತಿತ್ತು. ನನಗೆ ನನ್ನ ಮೇಲೆ ಅಸಹ್ಯವಾಯಿತು.

ಅವಳು ಸಿಟ್ಟು ಮಾಡಲಿಲ್ಲ. ಸಂಜೆ ಎಂದಿನಂತೆ ರೊಟ್ಟಿ ಬಡಿದಳು, ನನಗೆ ಸೇರುವ ಅಗಸಿ ಹಿಂಡಿಯ ಚಟ್ನಿಪುಡಿಯನ್ನು ಎಂದಿಗಿಂತ ಸ್ವಲ್ಪ ಹೆಚ್ಚೇ ಬಡಿಸಿದಳು. ಬೈದಿದ್ದರೆ ಉಂಡ ಅನ್ನ ಒಳಗಿಳಿಯುತ್ತಿತ್ತು. ಅವಳ ಮುಖದಲ್ಲಿ ನಿರಾಸೆ ಕೂಡ ಇರಲಿಲ್ಲ, ಅದೇ ನನ್ನನ್ನು ಹೆಚ್ಚು ಕಾಡಿತು. ನಾನು ಮಾತು ಉಳಿಸಿಕೊಳ್ಳುತ್ತೇನೆಂದು ಅವಳು ಮೊದಲೇ ನಂಬಿರಲಿಲ್ಲ.

ಕಾಕಾ, ಚಿಗವ್ವ ನಾಲ್ಕು ದಿನ ಇದ್ದರು. ಐದನೆಯ ದಿನ ಅವರನ್ನು ಚಿಕ್ಕನರಗುಂದಕ್ಕೆ ಬಿಟ್ಟುಬರಬೇಕು. ಆ ನಾಲ್ಕು ದಿನ ನಾನು ಮನಸ್ಸಿನಲ್ಲಿ ಒಂದು ಭಾಷಣ ತಯಾರು ಮಾಡಿದೆ. ಹಿರಿಯರ ಬಗ್ಗೆ ಗೌರವ, ಹೊಸ ಕಾಲ, ಹೆಣ್ಣುಮಕ್ಕಳ ದುಡಿಮೆ, ಎಲ್ಲವೂ ಅದರಲ್ಲಿತ್ತು. ಒಂದು ಹಳ್ಳಿಯಲ್ಲಿ ಎಮ್ಮೆಯೊಂದರ ಗರ್ಭ ಪರೀಕ್ಷೆ ಮಾಡುತ್ತ, ಹೆಗಲವರೆಗೆ ಕೈ ಒಳಗಿರುವಾಗಲೇ ಅದನ್ನು ಮೆಲ್ಲಗೆ ಒಪ್ಪಿಸಿ ನೋಡಿದೆ. ಎಮ್ಮೆಯ ಯಜಮಾನ ಕೈ ಮುಗಿದು ನಿಂತಿದ್ದ. ಡಾಕ್ಟರು ಮಂತ್ರ ಹೇಳುತ್ತಿದ್ದಾರೆಂದು ಅವನು ತಿಳಿದಿದ್ದ. ಎಮ್ಮೆ ಗಬ್ಬ ಇದೆ ಎಂದಾಗ ಅವನ ನಂಬಿಕೆ ಇನ್ನೂ ಗಟ್ಟಿಯಾಯಿತು.

ಐದನೆಯ ದಿನ ಬೆಳಿಗ್ಗೆ ಎಲ್ಲವೂ ಹಾಗೆಯೇ ನಡೆಯಿತು. ನಾನು ಕಸ್ತೂರಿಗೆ ಮುಂದೆ ಕೂರು ಎಂದೆ, ಯಾಕೆ ಬಿಡಿರಿ ಎಂದಳು, ನಾನು ಮತ್ತೆ ಹೇಳಿದ ಮೇಲೆ ಕುಳಿತಳು. ಕಾಕಾ ಬಂದರು, ಬಾಗಿಲು ತೆಗೆದರು, ಕಂಬಿ ಹಿಡಿದರು. ಕಸ್ತೂರಿಯ ಕೈ ಸೆರಗಿಗೆ ಹೋಯಿತು. ನನ್ನ ಭಾಷಣದ ಒಂದು ಅಕ್ಷರವೂ ನೆನಪಿರಲಿಲ್ಲ.

"ಕಾಕಾ, ಮುಂದ ಕಸ್ತೂರಿ ಕುಂದರತಾಳ. ನೀವು ಹಿಂದ ಕುಂದರ್ರಿ."

ಕಾಕಾ ಕಂಬಿ ಬಿಡಲಿಲ್ಲ. ನನ್ನನ್ನು ನೋಡಿದರು, ಅವಳನ್ನು ನೋಡಿದರು.

"ಯಾಕ, ಆಕಿಗೆ ಆರಾಮ ಇಲ್ಲೇನು?"

ಓದುಗ ಮಹಾಶಯರೇ, ಎಂಥ ಸುಲಭದ ದಾರಿ ತೆರೆದಿತ್ತು ನೋಡಿ. ಹೌದು ಕಾಕಾ, ವಾಂತಿ ಬಂದಂಗಾಗತೈತಂತ ಎಂದುಬಿಟ್ಟಿದ್ದರೆ ಮುಗಿದಿತ್ತು. ಯಾರ ಮಾನಕ್ಕೂ ಧಕ್ಕೆಯಿಲ್ಲ, ಕಾಕಾ ತಾವಾಗಿಯೇ ಹಿಂದೆ ಹೋಗಿ, ಒಂದು ನಿಂಬೆಹಣ್ಣನ್ನೂ ಕೊಡುತ್ತಿದ್ದರು. ಆ ಸುಳ್ಳು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಸುಳ್ಳು ಹೇಳಿದರೆ ಆ ಸೀಟು ರೋಗಿಯದಾಗುತ್ತಿತ್ತು, ಕಸ್ತೂರಿಯದಾಗುತ್ತಿರಲಿಲ್ಲ. ಮುಂದಿನ ಸಲ ಕೂರಬೇಕೆಂದರೆ ಅವಳು ಮತ್ತೆ ರೋಗ ಹುಡುಕಬೇಕಾಗುತ್ತಿತ್ತು.

"ಆರಾಮ ಅದಾಳ ಕಾಕಾ. ಆಕಿಗೆ ಎದರಿಗೆ ಬರೂ ದಾರಿ ನೋಡಬೇಕಾಗೇತಿ."

ಇಷ್ಟು ಚಿಕ್ಕ ಮಾತಿಗೆ ನನ್ನ ಅಂಗಿಯ ಬೆನ್ನು ಬೆವರಿನಿಂದ ತೊಯ್ದಿತ್ತು. ಕಾಕಾ ಪಟಕಾ ಸರಿಮಾಡಿಕೊಂಡರು. ಸಿಟ್ಟಿನಿಂದ ಬಸ್ ಸ್ಟ್ಯಾಂಡಿಗೆ ನಡೆದುಬಿಡುತ್ತಾರೆ ಎಂದುಕೊಂಡೆ. ಆಗ ಹಿಂದಿನಿಂದ ಚಿಗವ್ವ, ಬಿಸಿಲು ಏರುತ್ತದೆ ಬರ್ರಿ ಎಂದು ಕರೆದಳು. ಈ ಸಲ ಕರೆದದ್ದು ಅವಳು, ಹೋದದ್ದು ಅವರು. ಮುಂದಿನ ಬಾಗಿಲನ್ನು ಕಾಕಾ ತಾವೇ ಹಾಕಿದರು, ಸ್ವಲ್ಪ ಜೋರಾಗಿ ಹಾಕಿದರು. ಆಮೇಲೆ ನಡುವಿನ ಸೀಟಿನಲ್ಲಿ ಚಿಗವ್ವನ ಪಕ್ಕ ಕುಳಿತರು.

ಯಾವಗಲ್ಲು ಸಮೀಪಿಸಿತು. ನಾವು ಬಿದ್ದಿದ್ದ ಜಾಗ ಬಂದಾಗ ಕಸ್ತೂರಿ ಬೆರಳು ಎತ್ತಿ ತೋರಿಸಿದಳು. ಎರಡೂ ಕಡೆ ಕಡಲೆ ಹಸಿರಾಗಿತ್ತು, ಅದರಾಚೆ ಜೋಳ ನಿಂತಿತ್ತು. ಕಾಕಾ ಒಮ್ಮೆ ಕೆಮ್ಮಿದರು. ಆಮೇಲೆ ಹಿಂದಿನಿಂದ ಅವರ ದನಿ ಕೇಳಿತು, ಆದರೆ ನನಗೆ ಹೇಳಿದ್ದಲ್ಲ. ಇಲ್ಲಿ ಗಾಳೀನ ಬರೂದಿಲ್ಲಲ್ಲ, ಇಷ್ಟು ವರ್ಷ ಹಿಂದ ಹ್ಯಾಂಗ ಕುಂತಿ ಎಂದು ಚಿಗವ್ವನನ್ನು ಕೇಳುತ್ತಿದ್ದರು. ಚಿಗವ್ವ, ಈ ಕಾಜು ಇಳಿಸಬೇಕ್ರಿ ಎಂದು ಹಿಡಿಕೆ ತಿರುಗಿಸಿ ತೋರಿಸಿದಳು. ಅದು ಅವಳಿಗೆ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ.

ಮತ್ತೆ ಸ್ವಲ್ಪ ದೂರ ಹೋದ ಮೇಲೆ ನಾನು ಕನ್ನಡಿಯಲ್ಲಿ ನೋಡಿದೆ. ಚಿಗವ್ವ ಮಡಿಲಲ್ಲಿ ಎಲೆಯ ಚೀಲ ಬಿಚ್ಚಿ, ಎಲೆಯ ತೊಟ್ಟು ಮುರಿದು, ಸುಣ್ಣ ಹಚ್ಚುತ್ತಿದ್ದಳು. ಕಾಕಾ ಒಂದು ಕೈಯಲ್ಲಿ ಅಡಿಕೆ ಹಿಡಿದು ಕಾಯುತ್ತಿದ್ದರು. ಅವಳು ಏನೋ ಹೇಳುತ್ತಿದ್ದಳು, ಅವರು ತಲೆ ಓರೆ ಮಾಡಿ ಕೇಳುತ್ತಿದ್ದರು. ಐವತ್ತು ವರ್ಷದ ಸಂಸಾರದಲ್ಲಿ ಅವರಿಬ್ಬರೂ ಒಂದು ಗಾಡಿಯಲ್ಲಿ ಪಕ್ಕಪಕ್ಕಕ್ಕೆ ಕುಳಿತದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಬಹುಶಃ ಅವರೂ ಕಂಡಿರಲಿಲ್ಲ. ನನ್ನ ಮುಖದ ಮೇಲೆ ನಗು ಬಂತು, ಕನ್ನಡಿಯಿಂದ ಕಣ್ಣು ತೆಗೆಯುವುದು ಮರೆತುಹೋಯಿತು.

ಎದುರಿಗೆ ನರಗುಂದದ ಗುಡ್ಡ ಎದ್ದು ದೊಡ್ಡದಾಗುತ್ತಿತ್ತು. ಕಸ್ತೂರಿ ನನ್ನ ತೋಳು ಮುಟ್ಟಿದಳು.

"ಹಿಂದ ಏನ್ ನೋಡತೀರಿ," ಎಂದಳು. "ಎದರಿಗೆ ನೋಡ್ರಿ."